ಮಹೇಲಾಳನ್ನು ಶಾಲೆಗೆ ಸೇರಿಸಿದ್ದು

ಹಾರ್ಲನ್ಸ್ ಬೆಂಡ್, ಮಿಸಿಸಿಪ್ಪಿ
ಸೆಪ್ಟೆಂಬರ್ 19, 1875

ಅಕ್ಕ ಡಾರ್ಕಸ್,

ನೀನು ಕಳಿಸಿದ ಉಣ್ಣೆ ಶಾಲು ಬಂತು. ಇಲ್ಲಿನ ಸೆಕೆಯಲ್ಲಿ ಅದನ್ನು ನೋಡಿದರೇ ಬೆವರು ಕಿತ್ತುಕೊಂಡು ಬರುತ್ತದೆ. ಆದರೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ, ನಿನ್ನ ಮನೆಯ ಸೋಪಿನ ವಾಸನೆ ಇನ್ನೂ ಹೋಗಿಲ್ಲ.

ಶಾಲೆ ಶುರುವಾಯಿತು. ಹತ್ತಿ ಬಿಡಿಸುವುದು ಮುಗಿಯಲಿ, ಆಮೇಲೆ ಬಾಗಿಲು ತೆರೆಯೋಣ ಎಂದು ನಾನು ಹೇಳಿದ್ದೆ. ಜನ ಕೇಳಲಿಲ್ಲ. ಸರ್ಕಾರ ಸಂಬಳ ಕೊಡುವುದು ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ. ಆ ನಾಲ್ಕು ತಿಂಗಳಲ್ಲಿ ಒಂದು ದಿನವೂ ಪೋಲಾಗಬಾರದಂತೆ. ದೊಡ್ಡ ಮಕ್ಕಳು ಹೊಲದಲ್ಲಿದ್ದಾರೆ, ಚಿಕ್ಕವರೆಲ್ಲ ಬಂದಿದ್ದಾರೆ, ಅವರ ಹಿಂದೆ ಅಜ್ಜಿಯರೂ ಬಂದು ಗೋಡೆಗೆ ಒರಗಿ ಕೂರುತ್ತಾರೆ. ಮೊಮ್ಮಕ್ಕಳು ಅಕ್ಷರ ಕೂಗಿದರೆ ಇವರೂ ತುಟಿ ಆಡಿಸುತ್ತಾರೆ. ಗುಲಾಮಗಿರಿ ಹೋಗಿ ಹತ್ತು ವರ್ಷವಾಯಿತು. ಅದಕ್ಕೆ ಮುಂಚೆ ಪುಸ್ತಕ ಮುಟ್ಟಿದ್ದಕ್ಕೆ ಬೆನ್ನ ಮೇಲೆ ಬಾಸುಂಡೆ ಎದ್ದವರು ಈ ಅಜ್ಜಿಯರು.

ಕಟ್ಟಡ ಕೇಟೋ ಎಂಬವರದು. ಅವರೂ ಗುಲಾಮರಾಗಿದ್ದವರೇ, ಈಗ ಸ್ವಂತಕ್ಕೆ ಹತ್ತಿ ಬೆಳೆಯುವವರು. ತಮ್ಮ ಜಮೀನಿನ ಮೂಲೆಯೊಂದನ್ನು ಶಾಲೆಗೆ ಬಿಟ್ಟುಕೊಟ್ಟು, ತಾವೇ ಮರ ಕಡಿದು, ಹಲಗೆ ಹೊಡೆದು ಕಟ್ಟಿದ್ದಾರೆ. ನನಗೆ ಅವರ ಮನೆಯಲ್ಲೇ ಊಟ, ಅಲ್ಲೇ ವಾಸ. ಹೆಂಡತಿ ಪೇಷೆನ್ಸ್ ಮಾಡುವ ಗೆಣಸಿನ ಕಡುಬು ತಿಂದು ನಾನು ದಪ್ಪಗಾಗಿದ್ದೇನೆ. ಮಗಳು ಮಹೇಲಾಗೆ ಹನ್ನೊಂದು ವರ್ಷ. ಒಮ್ಮೆ ಓದಿದ್ದನ್ನು ಮರೆಯುವುದಿಲ್ಲ, ನನ್ನ ತಪ್ಪನ್ನೂ ಮರೆಯುವುದಿಲ್ಲ. ಮೊನ್ನೆ ಕೇಳಿದಳು: "ಟೀಚರಮ್ಮ, ನಿಮ್ಮೂರಲ್ಲಿ ಬಿಳಿಯರ ಮಕ್ಕಳೂ ನಿಮ್ಮ ಲವೀನಿಯಾನೂ ಒಂದೇ ಬೆಂಚಲ್ಲಿ ಕೂರೋದು ನಿಜವಾ, ಇಲ್ಲ ನೀವು ಸುಮ್ನೆ ಹೇಳ್ತೀರಾ?" ನಿಜ ಎಂದೆ. ಬೀದಿಗೊಂದು ಶಾಲೆ, ವರ್ಷಪೂರ್ತಿ ಗಂಟೆ, ಬೇಡವೆಂದರೂ ಹಿಡಿದು ಕೂರಿಸುತ್ತಾರೆ ಎಂದೆ. ನಿನ್ನ ಮಗಳು ಈಗ ಏನು ಓದುತ್ತಿದ್ದಾಳೆ, ಬರೆ. ಇಲ್ಲಿ ಅವಳ ಸುದ್ದಿ ಹೇಳಿಯೇ ನಾನು ಮಕ್ಕಳನ್ನು ಗದರಿಸುವುದು.

ನವೆಂಬರಿನಲ್ಲಿ ಚುನಾವಣೆ. ಊರಲ್ಲಿ ಒಂದಷ್ಟು ಗುಸುಗುಸು ಇದೆ. ನೀನು ಪತ್ರಿಕೆ ಓದಿ ಗಾಬರಿಯಾಗಬೇಡ.

ನಿನ್ನ ತಂಗಿ,
ಜಿಲ್ಫಾ


ನ್ಯೂ ಬೆಡ್‌ಫರ್ಡ್, ಮ್ಯಾಸಚೂಸೆಟ್ಸ್
ಅಕ್ಟೋಬರ್ 10, 1875

ಜಿಲ್ಫಾ,

ನಿನ್ನ ಕಾಗದ ಓದಿ ನಿನ್ನ ಭಾವನಿಗೂ ಕೇಳಿಸಿದೆ. ಎಲ್ನೇಥನ್‌ಗೆ ಬೆನ್ನು ಸ್ವಲ್ಪ ಹಿಡಿದುಕೊಂಡಿದೆ, ಹಡಗುಕಟ್ಟೆಯ ಕೆಲಸಕ್ಕೆ ಕೆಲವು ದಿನ ಹೋಗುತ್ತಿಲ್ಲ. ಮನೆಯಲ್ಲಿದ್ದಾರೆ, ಆದ್ದರಿಂದ ಮಾತು ಜಾಸ್ತಿ. "ನಿನ್ನ ತಂಗಿ ಅಲ್ಲಿ ದಪ್ಪಗಾಗ್ತಿದ್ದಾಳೆ, ನಾವಿಲ್ಲಿ ಉಪ್ಪುಮೀನು ತಿಂದು ಒಣಗ್ತಾ ಇದೀವಿ" ಅಂದರು.

ಲವೀನಿಯಾ ಚೆನ್ನಾಗಿದ್ದಾಳೆ. ಓದುತ್ತಾಳೆ.

ನಾನು ನಾವಿಕರ ವಸತಿಮನೆಯ ಬಟ್ಟೆ ಒಗೆಯುವುದನ್ನು ಹಿಡಿದಿದ್ದೇನೆ. ಒಗೆಯುವುದು, ಗಂಜಿ ಹಾಕುವುದು, ಇಸ್ತ್ರಿ. ಸಂಜೆಯ ಹೊತ್ತಿಗೆ ಬೆರಳು ಮಡಚುವುದಿಲ್ಲ, ಆದ್ದರಿಂದ ಅಕ್ಷರ ಹೀಗೆ. ನಿನ್ನ ಅಜ್ಜಿಯರ ಕಥೆ ಕೇಳಿ ಅಳು ಬಂತು. ಇಲ್ಲಿ ಹಾಗಿಲ್ಲ ನೋಡು. ಶಾಲೆಯ ಗಂಟೆಗಿಂತ ಬಟ್ಟೆ ಗಿರಣಿಯ ಗಂಟೆ ಮೊದಲು ಹೊಡೆಯುತ್ತದೆ. ನಮ್ಮ ಬೀದಿಯ ಐರಿಷ್ ಮಕ್ಕಳು ಶಾಲೆಯ ಮೆಟ್ಟಿಲ ಮುಂದೆಯೇ ಹಾದು ಗಿರಣಿಗೆ ಹೋಗುತ್ತಾರೆ. ಹೆಸರು ಮಾತ್ರ ಎರಡೂ ಕಡೆ ಇರುತ್ತದೆ. ಬೆಂಚು ಖಾಲಿ, ಒಲೆಯಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತದೆ. ನಿನ್ನ ಹತ್ತಿರ ಬೆಂಚಿಲ್ಲ, ಮಕ್ಕಳಿದ್ದಾರೆ. ನೀನೇ ಪುಣ್ಯವಂತೆ.

ಡಾರ್ಕಸ್


ಹಾರ್ಲನ್ಸ್ ಬೆಂಡ್
ನವೆಂಬರ್ 28, 1875

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಚಾವಣಿ ರಿಪೇರಿಗೆ ಬಂದಿದೆ, ಅದು ಮುಗಿಯುವ ತನಕ ಪಾಠ ನಿಂತಿದೆ. ಅಷ್ಟರಲ್ಲಿ ಮಹೇಲಾಳ ಓದು ಕೆಡುವುದು ಬೇಡವೆಂದು ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ಇಲ್ಲಿನ ಪಾದ್ರಿಯ ಸಂಸಾರ ಬಾಸ್ಟನ್‌ಗೆ ಹೊರಟಿದೆ, ಅವರ ಜೊತೆ ಬರುತ್ತಾಳೆ. ಈ ಚಳಿಗಾಲ ಒಂದನ್ನು ಇಟ್ಟುಕೋ. ಲವೀನಿಯಾಳ ಜೊತೆ ಅವಳ ಶಾಲೆಗೇ ಸೇರಿಸು. ಕೇಳಿ ಕಳಿಸುವಷ್ಟು ಸಮಯವಿರಲಿಲ್ಲ, ಬೈಯಬೇಡ.

ಅವಳಪ್ಪ ಕೆಲಸದ ಮೇಲೆ ನದಿ ದಾಟಿ ಹೋಗಿದ್ದಾರೆ. ಹುಡುಗಿ ಕೇಳಿದರೆ ಹಾಗೆಯೇ ಹೇಳು.

ಜಿಲ್ಫಾ


ನ್ಯೂ ಬೆಡ್‌ಫರ್ಡ್
ಡಿಸೆಂಬರ್ 26, 1875

ಜಿಲ್ಫಾ,

ಹುಡುಗಿ ಬಂದು ತಲುಪಿದಳು. ಕಾಲಿಗೆ ಗೋಣಿ ಸುತ್ತಿಕೊಂಡು ಹಿಮದಲ್ಲಿ ನಿಂತಿದ್ದಳು. ಒಳಗೆ ಕರೆದರೆ, "ಇಲ್ಲೇ ನಿಲ್ತೀನಿ ಅಮ್ಮಾ, ನೆಲ ಒದ್ದೆ ಆಗತ್ತೆ" ಅಂದಳು. ಲವೀನಿಯಾಳ ಹಳೇ ಬೂಟು ಹಾಕಿಸಿದ್ದೇನೆ.

ಬೈಯಬೇಡ ಅಂದಿದ್ದೀಯ, ಆದರೂ ಹೇಳುತ್ತೇನೆ. ಅಲ್ಲಿ ನಿನಗೆ ಶಾಲೆಯಿದೆ, ಅದನ್ನು ಕಟ್ಟಿಕೊಟ್ಟ ಮಹಾನುಭಾವರಿದ್ದಾರೆ. ಒಂದು ಚಾವಣಿ ಹಾಕುವ ತನಕ ಕಾಯಲಾಗದೆ ಹನ್ನೊಂದು ವರ್ಷದ ಮಗುವನ್ನು ರೈಲು ಹತ್ತಿಸಿದೆಯಲ್ಲ. ನೀನು ಚಿಕ್ಕಂದಿನಿಂದ ಹೀಗೇ. ಬೀದಿಯಲ್ಲಿ ಕಂಡ ಬೆಕ್ಕಿನ ಮರಿಗಳನ್ನು ಮನೆಗೆ ತರುವವಳು ನೀನು, ಹಾಲು ಹಾಕುವವಳು ನಾನು.

ಶಾಲೆಗೆ ಸೇರಿಸುತ್ತೇನೆ. ಚಳಿ ಸ್ವಲ್ಪ ಇಳಿಯಲಿ. ಹುಡುಗಿ ಮಾತಾಡುವುದು ಕಡಿಮೆ. ದಿನಾ ಒಂದೇ ಪ್ರಶ್ನೆ: "ಕಾಗದ ಬಂತಾ?" ಅಪ್ಪನ ದಾರಿ ಕಾಯುತ್ತಾಳೆ ಅನ್ನಿಸುತ್ತದೆ. ಆ ಮನುಷ್ಯನಿಗೆ ಮಗಳಿಗೊಂದು ಸಾಲು ಬರೆಸಲು ಹೇಳು.

ಡಾರ್ಕಸ್


ಹಾರ್ಲನ್ಸ್ ಬೆಂಡ್
ಜನವರಿ 23, 1876

ಅಕ್ಕ,

ನಿನ್ನ ಕಾಗದವನ್ನು ಪೇಷೆನ್ಸ್‌ಗೆ ಓದಿ ಹೇಳಿದೆ. ಬೂಟಿನ ವಿಷಯ ಬಂದಾಗ ಅಷ್ಟನ್ನೇ ಇನ್ನೊಮ್ಮೆ ಓದಿ ಅಂದರು. ಬೈದದ್ದನ್ನು ಓದಲಿಲ್ಲ.

ಅವಳು ಈಗ ಯಾವ ತರಗತಿಯಲ್ಲಿದ್ದಾಳೆ? ಲವೀನಿಯಾಳ ಪಕ್ಕದಲ್ಲೇ ಕೂರಿಸಿದ್ದಾರಾ? ಬೆಳಿಗ್ಗೆ ಎದ್ದ ಕೂಡಲೇ, ಈ ಹೊತ್ತಿಗೆ ಅವರಿಬ್ಬರೂ ಸ್ಲೇಟು ಹಿಡಿದು ಮೆಟ್ಟಿಲು ಹತ್ತುತ್ತಿರಬಹುದು ಎಂದುಕೊಳ್ಳುತ್ತೇನೆ. ಆಮೇಲೆ ಒಲೆ ಹಚ್ಚಲು ಮನಸ್ಸು ಬರುತ್ತದೆ.

ಇಲ್ಲಿ ಎಲ್ಲ ಇದ್ದಂತೆಯೇ ಇದೆ. ಚಾವಣಿಯ ಕೆಲಸ ನಿಧಾನ. ಹುಡುಗಿಗೆ ಹೇಳು, ಟೀಚರಮ್ಮ ಕ್ಷೇಮ.

ಜಿಲ್ಫಾ


ನ್ಯೂ ಬೆಡ್‌ಫರ್ಡ್
ಫೆಬ್ರವರಿ 20, 1876

ಜಿಲ್ಫಾ,

ಈ ಕಾಗದವನ್ನು ಕೂತು ಓದು, ಪೇಷೆನ್ಸ್ ಎದುರಿಗೆ ಓದಬೇಡ.

ಕಳೆದ ಸೋಮವಾರ ಮನೆ ತುಂಬ ಒಗೆದ ಬಟ್ಟೆ. ಹೊರಗೆ ಹಾಕಿದರೆ ಹಲಗೆಯಂತೆ ಮರಗಟ್ಟುವ ಚಳಿ, ಆದ್ದರಿಂದ ಅಡುಗೆಮನೆಯಲ್ಲೇ ಹಗ್ಗ ಕಟ್ಟಿ ಹರಡಿದ್ದೆ. ಲವೀನಿಯಾ ಇಸ್ತ್ರಿ ಹಾಕುತ್ತಿದ್ದಳು. ಮಹೇಲಾ ದುಪ್ಪಟಿ ಹಿಂಡುತ್ತಿದ್ದಳು. ಹೌದು, ಇಬ್ಬರೂ ಮನೆಯಲ್ಲೇ ಇದ್ದರು. ಹೋದ ವಸಂತದಲ್ಲಿ ಎಲ್ನೇಥನ್ ಹಡಗಿನ ಅಟ್ಟಣೆಯಿಂದ ಬಿದ್ದರು. ಬೆನ್ನು ಹಿಡಿದುಕೊಂಡಿರುವುದಲ್ಲ, ಮುರಿದಿರುವುದು. ಅಂದಿನಿಂದ ಲವೀನಿಯಾ ಶಾಲೆಗೆ ಹೋಗಿಲ್ಲ. ನಿನ್ನ ಹುಡುಗಿಯೂ ಬಂದ ಮಾರನೆಯ ದಿನದಿಂದ ತಾನಾಗಿಯೇ ಬುಟ್ಟಿ ಹಿಡಿದಳು, ನಾನು ಬೇಡ ಅನ್ನಲಿಲ್ಲ. ಉಣ್ಣುವ ಬಾಯಿ ಒಂದು ಹೆಚ್ಚಾಗಿತ್ತು.

ಬಾಗಿಲು ತಟ್ಟಿದ ಸದ್ದು. ಶಾಲೆ ತಪ್ಪಿಸುವ ಮಕ್ಕಳನ್ನು ಹುಡುಕಿಕೊಂಡು ಬರುವ ಸರ್ಕಾರಿ ಮನುಷ್ಯ. ಗಿಫರ್ಡ್ ಅಂತ, ವಯಸ್ಸಾದವರು, ಮೀಸೆಯ ಮೇಲೆ ಹಿಮ. ಮೆಟ್ಟಿಲ ಮೇಲೆ ನಿಂತೇ ಕೇಳಿದರು, "ಈ ಮನೇಲಿ ಇಬ್ಬರು ಹೆಣ್ಣುಮಕ್ಕಳಿದ್ದಾರಂತಲ್ಲಮ್ಮಾ. ಶಾಲೆಗೆ ಯಾಕೆ ಬರ್ತಿಲ್ಲ?"

"ಮನೆ ಯಜಮಾನರು ಮಲಗಿದ್ದಾರೆ ಸ್ವಾಮೀ."

"ಎಲ್ಲ ಮನೇಲೂ ಯಾರಾದ್ರೂ ಮಲಗಿರ್ತಾರಮ್ಮಾ. ಎಂಟರಿಂದ ಹದಿನಾಲ್ಕು ವರ್ಷದ ತನಕ ವರ್ಷಕ್ಕೆ ಇಪ್ಪತ್ತು ವಾರ ಬರ್ಲೇಬೇಕು. ಕಾನೂನು. ನಾನೇನು ಮಾಡ್ಲಿ, ದಂಡ ಹಾಕೋಕೆ ನಂಗೂ ಇಷ್ಟ ಇಲ್ಲ. ಎಲ್ಲಿ, ಮಕ್ಕಳನ್ನ ಕರೀರಿ."

ಲವೀನಿಯಾ ಬಂದಳು. ಮಹೇಲಾ ಇಲ್ಲ. ಕೂಗಿದೆ, ಉತ್ತರವಿಲ್ಲ. ಆತ ಮುಂದಿನ ವಾರ ಮತ್ತೆ ಬರುತ್ತೇನೆಂದು ಹೋದರು. ಅಟ್ಟ, ಸೌದೆಮನೆ, ಹಿತ್ತಲು ಎಲ್ಲ ಹುಡುಕಿದೆವು. ಕೊನೆಗೆ ಒದ್ದೆ ದುಪ್ಪಟಿಯ ಬುಟ್ಟಿ ಅಲ್ಲಾಡಿದ್ದನ್ನು ಎಲ್ನೇಥನ್ ಮಲಗಿದಲ್ಲಿಂದಲೇ ಕಂಡರು. ಹುಡುಗಿ ಅದರೊಳಗೆ ಮುದುಡಿಕೊಂಡು, ಮೇಲೆ ಒದ್ದೆ ಬಟ್ಟೆ ಎಳೆದುಕೊಂಡಿದ್ದಳು. ತುಟಿ ನೀಲಿಯಾಗಿತ್ತು.

"ಹೋದ್ರಾ?" ಅಂದಳು. "ಎಷ್ಟು ಕುದುರೆ ಇತ್ತು?"

"ಕುದುರೆ ಇಲ್ಲ ಕಂದಾ, ನಡ್ಕೊಂಡು ಬಂದಿದ್ರು. ಶಾಲೆಯವರು ಅವರು. ನೀನು ಶಾಲೆಗೆ ಯಾಕೆ ಬಂದಿಲ್ಲ ಅಂತ ಕೇಳೋಕೆ ಬಂದಿದ್ರು."

"ಅವತ್ತೂ ಶಾಲೆ ವಿಷಯ ಕೇಳ್ಕೊಂಡೇ ಬಂದಿದ್ರು," ಅಂದಳು. "ಯಾರು ಕಟ್ಟಿದ್ದು, ಯಾರು ಹೋಗೋದು ಅಂತ. ಆಮೇಲೆ ಬೆಂಕಿ ಇಟ್ರು."

ಆಮೇಲೆ ಒಲೆಯ ಮುಂದೆ ಕೂರಿಸಿ, ಕಾಕಂಬಿ ಕಲಸಿದ ಬಿಸಿ ನೀರು ಕುಡಿಸಿ, ಬಿಟ್ಟು ಬಿಟ್ಟು ಕೇಳಿಸಿಕೊಂಡೆ. ಚಾವಣಿ ರಿಪೇರಿ ಅಂತ ಬರೆದಿದ್ದೆಯಲ್ಲ ಜಿಲ್ಫಾ. ಚಾವಣಿಯೂ ಇಲ್ಲ, ಗೋಡೆಯೂ ಇಲ್ಲ. ನೀನಿರುವ ಮನೆಯಾದರೂ ಉಳಿದಿದೆಯೋ, ಏನು ತಿನ್ನುತ್ತಿದ್ದೀಯೋ, ನನಗೆ ಗೊತ್ತಿಲ್ಲ. ಅಪ್ಪನ ವಿಷಯ ಕೇಳಿದೆ. "ನದಿ ದಾಟಿ ಹೋದ್ರು ಅಂತ ಟೀಚರಮ್ಮ ಹೇಳಿದ್ರು" ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇಬ್ಬರನ್ನೂ ನಾಳೆ ಶಾಲೆಗೆ ಕರೆದುಕೊಂಡು ಹೋಗುತ್ತೇನೆ. ಬಟ್ಟೆಯ ಕೆಲಸ ಹೇಗೋ ಆಗುತ್ತದೆ. ನೀನು ನಿಜ ಬರೆ. ಸಾಧ್ಯವಾದರೆ ಬರೆಯುವ ಬದಲು ಹೊರಟು ಬಾ.

ಡಾರ್ಕಸ್


ಹಾರ್ಲನ್ಸ್ ಬೆಂಡ್
ಮಾರ್ಚ್ 19, 1876

ಅಕ್ಕ,

ಲವೀನಿಯಾಳ ವಿಷಯ ಓದಿ ಕೋಪ ಬರಬೇಕಿತ್ತು. ಬರಲಿಲ್ಲ. ಕೋಪಕ್ಕೂ ಸ್ವಲ್ಪ ಶಕ್ತಿ ಬೇಕು. ಇಲ್ಲಿ ಅವಳ ಹೆಸರು ಹೇಳಿ ಮಕ್ಕಳನ್ನು ಗದರಿಸುವಾಗ ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು ಎಂಬುದನ್ನು ಮಾತ್ರ ಬೆಳಗಿನಿಂದ ಯೋಚಿಸುತ್ತಿದ್ದೇನೆ.

ಚುನಾವಣೆಗೆ ಮುಂಚಿನ ವಾರ ಬಿಳಿಯರ ಗುಂಪೊಂದು ಕುದುರೆ ಏರಿ ಬಂತು. ಮುಖಕ್ಕೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಕಟ್ಟಿಕೊಳ್ಳುವ ಅಗತ್ಯ ಅವರಿಗೆ ಕಾಣಲಿಲ್ಲ. ಹಟ್ಟಿಯ ಗಂಡಸರು ಮತ ಹಾಕಲು ಹೋಗಬಾರದು, ಶಾಲೆಯ ತೆರಿಗೆ ಇನ್ನು ಮುಂದೆ ಇಲ್ಲ, ಇವೆರಡು ಅವರ ಮಾತು. ಕೇಟೋ ಹೊರಗೆ ಹೋಗಿ ನಿಂತರು. "ಶಾಲೆ ಸುಟ್ರೆ ಮತ್ತೆ ಕಟ್ತೀನಿ, ಮರ ಕಾಡಲ್ಲಿ ಇನ್ನೂ ಇದೆ" ಅಂದರು. ಅಷ್ಟೇ ಅಂದದ್ದು, ಅಕ್ಕ. ದನಿ ಕೂಡ ಏರಿಸಲಿಲ್ಲ. ಬಂದವರು ಅವರನ್ನು ನದಿಯ ಕಡೆಗೆ ಕರೆದುಕೊಂಡು ಹೋದರು. ಪೇಷೆನ್ಸ್ ಮತ್ತು ನಾನು ಅವರನ್ನು ಜೊಂಡಿನಲ್ಲಿ ಕಂಡೆವು. ನಾವೇ ಮಣ್ಣು ಮಾಡಿದೆವು. ಪಾದ್ರಿಗೆ ಆ ಕಡೆ ಬರುವ ಧೈರ್ಯ ಇರಲಿಲ್ಲ. ನಾನು ಅವರನ್ನು ದೂರುವುದಿಲ್ಲ, ಹುಡುಗಿಯನ್ನು ಕರೆದುಕೊಂಡು ಹೋದವರು ಅವರೇ.

ಮಹೇಲಾ ಆ ದಿನ ಅತ್ತೆಯ ಮನೆಯಲ್ಲಿದ್ದಳು. ಬಂದವಳು ಅಪ್ಪ ಎಲ್ಲಿ ಅಂದಳು. ನದಿ ದಾಟಿ ಹೋದರು ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಒಮ್ಮೆ ಬಂದ ಮೇಲೆ ಪೇಷೆನ್ಸ್ ಕೂಡ ಅದನ್ನೇ ಹಿಡಿದುಕೊಂಡರು. ದಾರಿಯಲ್ಲಿ ಮಗು ಯಾರ ಮುಂದಾದರೂ ಬಾಯಿ ಬಿಟ್ಟರೆ ಎಂಬ ಭಯವೂ ಇತ್ತು.

ಈಗ ಜಿಲ್ಲೆಯಲ್ಲಿ ಹೊಸ ಅಧಿಕಾರಿಗಳು. ಸಂಬಳ ಕೇಳಲು ಹೋದರೆ, "ಯಾವ ಶಾಲೆ? ಅಲ್ಲಿ ಶಾಲೆ ಇಲ್ಲವಲ್ಲ" ಅಂದರು. ನಿಜವೇ. ಹಳ್ಳದಾಚೆಯ ಬಿಳಿಯರ ಶಾಲೆಗೂ ದುಡ್ಡು ಸಾಲದೆ ಅರ್ಧಕ್ಕೆ ಬೀಗ ಬಿದ್ದಿದೆ. ಬೆಂಕಿ ಇಟ್ಟವರ ಮಕ್ಕಳೂ ನಮ್ಮ ಮಕ್ಕಳ ಹಾಗೆಯೇ ಹತ್ತಿ ಹೊಲದಲ್ಲಿ ಬಾಗಿದ್ದಾರೆ. ತಂದೆಯರಿಗೆ ಅದು ನಷ್ಟ ಅನ್ನಿಸಿದಂತೆ ಕಾಣುವುದಿಲ್ಲ.

ಒಂದು ಕೆಲಸ ನಿನ್ನ ಮೇಲೆ ಹೊರಿಸುತ್ತಿದ್ದೇನೆ. ಅವಳಿಗೆ ಹೇಳು. ನನ್ನಿಂದ ಕಾಗದದಲ್ಲಿ ಆಗುವುದಿಲ್ಲ. ಪೇಷೆನ್ಸ್ ಒಪ್ಪಿದ್ದಾರೆ. "ನಿಮ್ಮಕ್ಕ ಬೂಟು ಹಾಕಿಸಿದೋರು, ಅವರೇ ಹೇಳ್ಲಿ" ಅಂದರು.

ಜಿಲ್ಫಾ


ನ್ಯೂ ಬೆಡ್‌ಫರ್ಡ್
ಏಪ್ರಿಲ್ 23, 1876

ಜಿಲ್ಫಾ,

ಹೇಳಲು ಹೊರಟು ಎರಡು ಭಾನುವಾರ ವಾಪಸು ಬಂದೆ. ಮೂರನೆಯ ಭಾನುವಾರ ಚರ್ಚು ಮುಗಿದ ಮೇಲೆ ಹಡಗುಕಟ್ಟೆಗೆ ಕರೆದುಕೊಂಡು ಹೋದೆ. ಹಗ್ಗದ ಸುರುಳಿಯ ಮೇಲೆ ಕೂತೆವು. "ಮಹೇಲಾ, ನಿಮ್ಮಪ್ಪನ ವಿಷಯ" ಅಂದೆ.

"ಗೊತ್ತು ಅಮ್ಮಾ," ಅಂದಳು. "ಅತ್ತೆ ಮನೆಯಿಂದ ಬೇಗ ಬಂದ್ಬಿಟ್ಟಿದ್ದೆ. ನಮ್ಮ ಅಂಗಳದ ಪೀಕನ್ ಮರದ ಮೇಲಿದ್ದೆ. ಅವರು ಹೋದ್ಮೇಲೂ ಇಳೀಲಿಲ್ಲ. ಆಮೇಲೆ ಮತ್ತೆ ಅತ್ತೆ ಮನೆಗೆ ಹೋಗಿ, ಅಲ್ಲಿಂದ ಬಂದ ಹಾಗೆ ಬಂದೆ."

"ಮತ್ತೆ ಯಾಕೆ ಹೇಳ್ಲಿಲ್ಲ ಮಗಾ?"

"ಟೀಚರಮ್ಮ ನನ್ನಿಂದ ಮುಚ್ಚಿಡೋಕೆ ಅಷ್ಟು ಕಷ್ಟಪಡ್ತಿದ್ರು. ಗೊತ್ತು ಅಂದ್ರೆ ಅವರಿಗೆ ಇನ್ನೂ ಬೇಜಾರಾಗ್ತಿತ್ತು."

ದಿನಾ ಕಾಗದ ಬಂತಾ ಅಂತ ಕೇಳುತ್ತಿದ್ದೆಯಲ್ಲ, ಅಪ್ಪನ ಕಾಗದ ಅಲ್ಲವಾ ಅಂದೆ. ಅವಳು ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದಳು. "ಅಪ್ಪಂಗೆ ಬರೆಯೋಕೆ ಬರ್ತಿರ್ಲಿಲ್ಲ. ಟೀಚರಮ್ಮನ ಕಾಗದ ಬಂದ್ರೆ ಟೀಚರಮ್ಮ ಇನ್ನೂ ಇದ್ದಾರೆ ಅಂತ ಅಲ್ವಾ?"

ಅಲ್ಲೇ ಕೂತು ಅತ್ತಳು. ನಾನು ಬೆನ್ನು ಸವರುತ್ತ ಕೂತೆ. ಚಳಿ ಜೋರಾದ ಮೇಲೆ ಎದ್ದು ಬಂದೆವು. ಮನೆಗೆ ಬಂದು ನಿದ್ದೆ ಮಾಡಿದಳು, ಮಾರನೆಯ ದಿನ ಮಧ್ಯಾಹ್ನದ ತನಕ. ಗಿಫರ್ಡ್ ಬಂದಿದ್ದರು. "ಇವತ್ತೊಂದು ದಿನ ಬಿಡಿ ಸ್ವಾಮೀ" ಅಂದೆ. ನನ್ನ ಮುಖ ನೋಡಿ ಟೋಪಿ ತೆಗೆದರು, ಏನೂ ಕೇಳದೆ ಹೋದರು.

ಆದ್ದರಿಂದ ಪ್ರತಿ ವಾರ ಬರೆ. ಏನೂ ಇಲ್ಲದಿದ್ದರೂ ಬರೆ. ಬಾ ಎಂದು ಮತ್ತೆ ಕೇಳುತ್ತಿದ್ದೇನೆ.

ಡಾರ್ಕಸ್


ಹಾರ್ಲನ್ಸ್ ಬೆಂಡ್
ಜೂನ್ 11, 1876

ಅಕ್ಕ,

ಬರುವುದಿಲ್ಲ. ಧೈರ್ಯವೆಂದು ತಿಳಿಯಬೇಡ. ರೈಲಿಗೆ ಹೊರಡಲು ಪೆಟ್ಟಿಗೆ ಕಟ್ಟಿದ್ದೆ. ಹೊರಡುವ ದಿನ ಬೆಳಿಗ್ಗೆ ಪೇಷೆನ್ಸ್‌ರ ಅಡುಗೆಮನೆಯ ಬಾಗಿಲಲ್ಲಿ ಚಿಕ್ಕ ಮಕ್ಕಳು ಕೂತಿದ್ದರು. ಯಾರೂ ಕರೆದಿರಲಿಲ್ಲ. ಹೋಗುವ ಮುಂಚೆ ಒಂದು ಪಾಠ ಹೇಳಿಬಿಡೋಣ ಎಂದು ಪೆಟ್ಟಿಗೆಯ ಮೇಲೆಯೇ ಕೂತೆ. ಆ ಪೆಟ್ಟಿಗೆ ಈಗ ಬೆಂಚಾಗಿದೆ. ಸಂಬಳವಿಲ್ಲ. ಮೆಕ್ಕೆಜೋಳದ ಹಿಟ್ಟು, ಸೊಪ್ಪು ಯಾರಾದರೂ ತಂದಿಡುತ್ತಾರೆ. ಕುದುರೆಯ ಸದ್ದು ಕೇಳಿದರೆ ಸ್ಲೇಟುಗಳು ಹಿಟ್ಟಿನ ಡಬ್ಬಿಗೆ ಹೋಗುತ್ತವೆ, ಮಕ್ಕಳು ಬಟಾಣಿ ಸುಲಿಯಲು ಕೂರುತ್ತಾರೆ. ಇದಕ್ಕೆ ಶಾಲೆ ಎಂದು ಯಾರೂ ಅನ್ನುವುದಿಲ್ಲ, ಸರ್ಕಾರದ ಲೆಕ್ಕದಲ್ಲಿ ಹಾರ್ಲನ್ಸ್ ಬೆಂಡಿನಲ್ಲಿ ಓದುವ ಮಗುವೇ ಇಲ್ಲ.

ತುಂಬ ದಣಿದಿದ್ದೇನೆ ಅಕ್ಕ. ಪಾಠ ಹೇಳುತ್ತ ಹೇಳುತ್ತ ಕಣ್ಣು ಮುಚ್ಚಿಹೋಗುತ್ತದೆ. ಮಕ್ಕಳು ಎಬ್ಬಿಸುವುದಿಲ್ಲ, ಪಿಸುಗುಟ್ಟುತ್ತ ಓದಿಕೊಳ್ಳುತ್ತಾರೆ.

ಮಹೇಲಾಳನ್ನು ವಾಪಸು ಕರೆಸೋಣವೇ ಎಂದು ಪೇಷೆನ್ಸ್‌ರನ್ನು ಕೇಳಿದೆ. ಬಹಳ ಹೊತ್ತು ಹಿಟ್ಟು ನಾದಿದರು. "ಶಾಲೆಗೆ ಬರ್ಲಿಲ್ಲ ಅಂದ್ರೆ ಅಲ್ಲಿ ಹುಡುಕ್ಕೊಂಡು ಬರ್ತಾರೆ ಅಂದ್ರಲ್ಲ. ಅಂಥ ಊರಲ್ಲೇ ಇರ್ಲಿ ಬಿಡಿ," ಅಂದರು. ಆಮೇಲೆ, "ನನ್ನ ಹೆಸರು ಬರೆಯೋದು ಕಲಿಸಿ. ಮಗೂಗೆ ನಾನೇ ಬರೀತೀನಿ," ಅಂದರು. ಕಲಿಸುತ್ತಿದ್ದೇನೆ.

ಜಿಲ್ಫಾ


ನ್ಯೂ ಬೆಡ್‌ಫರ್ಡ್
ಸೆಪ್ಟೆಂಬರ್ 10, 1876

ಜಿಲ್ಫಾ,

ಹೊಸ ವರ್ಷದ ಪಾಠ ಶುರುವಾಯಿತು. ಬೇರೆ ತರಗತಿಗೆ ಏರಿದ್ದರಿಂದ ಇಬ್ಬರ ಹೆಸರನ್ನೂ ಮತ್ತೆ ಬರೆಸಬೇಕಾಯಿತು. ಬೆಳಿಗ್ಗೆ ಕರೆದುಕೊಂಡು ಹೋದೆ. ಲವೀನಿಯಾ ತನಗಿಂತ ಚಿಕ್ಕವರ ಜೊತೆ ಕೂರಬೇಕು ಎಂದು ಮುಖ ಊದಿಸಿಕೊಂಡಿದ್ದಳು. ಒಂದು ವರ್ಷ ಹೋದದ್ದು ಹೋಯಿತು. ವಸತಿಮನೆಯ ಅರ್ಧ ಬಟ್ಟೆ ಬೇರೆಯವರ ಪಾಲಾಯಿತು. ನಿನ್ನ ಭಾವ ಈಗ ಕೂತು ಬಟ್ಟೆ ಮಡಚುತ್ತಾರೆ. ನನಗಿಂತ ಚೆನ್ನಾಗಿ ಮಡಚುತ್ತೇನೆಂದು ಜಂಬ.

ಹೆಸರು ಬರೆದುಕೊಳ್ಳುವ ಟೀಚರು ಹೊಸಬಳು, ಚಿಕ್ಕ ಪ್ರಾಯದ ಬಿಳಿ ಹೆಂಗಸು. ಸಾಲು ಮೆಟ್ಟಿಲ ತನಕ ಇತ್ತು. ಗಿರಣಿಯಲ್ಲಿ ದುಡಿಯುವ ಮಕ್ಕಳೂ ಕೆಲವರು ತಮ್ಮ ಇಪ್ಪತ್ತು ವಾರ ಮುಗಿಸಲು ಬಂದಿದ್ದರು. ಮಹೇಲಾಳ ಸರದಿ ಬಂತು.

"ತಂದೆ ಹೆಸರು?"

"ಕೇಟೋ. ತೀರ್ಕೊಂಡ್ರು."

"ಅಯ್ಯೋ ಪಾಪ. ಏನು ಕೆಲಸ ಮಾಡ್ತಿದ್ರು?"

"ಶಾಲೆ ಕಟ್ಟಿದ್ರು."

ಆಕೆ ತಲೆ ಎತ್ತದೆ ಬಡಗಿ ಎಂದು ಬರೆದುಕೊಂಡಳು. ಇರಲಿ, ಬೇಗ ಮುಗಿಯಲಿ ಎಂದು ನಾನು ಸುಮ್ಮನಿದ್ದೆ. ಮಹೇಲಾ ಮೇಜಿನ ಈಚೆಯಿಂದಲೇ ತಲೆಕೆಳಗಾಗಿ ಕಂಡ ಅಕ್ಷರ ಓದಿದಳು.

"ಬಡಗಿ ಅಲ್ಲ ಟೀಚರಮ್ಮ. ಹತ್ತಿ ಬೆಳೀತಿದ್ರು. ಶಾಲೆ ಕಟ್ಟಿದ್ರು."

"ಎರಡರಲ್ಲಿ ಒಂದು ಹೇಳಮ್ಮಾ, ಜಾಗ ಇಷ್ಟೇ ಇದೆ."

ಹುಡುಗಿ ಯೋಚಿಸಿದಳು. "ಹಾಗಾದ್ರೆ ಶಾಲೆ ಅಂತ ಬರೀರಿ."

ಆಕೆ ಈ ಸಲ ತಲೆ ಎತ್ತಿ ಅವಳನ್ನು ನೋಡಿದಳು. ಆಮೇಲೆ ಬಡಗಿ ಎಂಬುದನ್ನು ಹೊಡೆದುಹಾಕಿ ಬೇರೆ ಬರೆದಳು. ಏನು ಬರೆದಳೋ, ನನ್ನ ಕಣ್ಣಿಗೆ ದೂರವಾಯಿತು. ಮಹೇಲಾ ಮಾತ್ರ ಬಗ್ಗಿ ಓದಿ, ಸರಿ ಎಂದು ತಲೆಯಾಡಿಸಿದಳು. ಹಿಂದಿನ ಹೆಂಗಸು "ಮುಂದಕ್ಕೆ ಹೋಗ್ರಮ್ಮಾ, ನಂಗೆ ಕೆಲಸ ಇದೆ" ಅಂದಳು. ನನಗೂ ಇತ್ತು. ಇಬ್ಬರನ್ನೂ ಒಳಗೆ ಬಿಟ್ಟು ಬಂದೆ.

ನಿನ್ನ ಅಕ್ಕ,
ಡಾರ್ಕಸ್